ಕರೆಂಟು ಹೋದಾಗ ಹಾಡಿದ ರೇಡಿಯೋ

ನಾನು ಒಂದು ಡಿಜಿಟಲ್ ರೇಡಿಯೋ. ಇಷ್ಟು ಹೇಳಿದ ಕೂಡಲೇ ಅರ್ಧ ಜನ ನಾನು ಮೊಬೈಲಿನೊಳಗಿನ ಯಾವುದೋ ಆಟ ಎಂದುಕೊಳ್ಳುತ್ತಾರೆ. ಹಾಗಲ್ಲ. ನನಗೂ ಒಂದು ಮೈ ಇದೆ. ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ. ಬಲಕ್ಕೆ ಒಂದು ತಿರುಪು, ಎಡಕ್ಕೆ ಧ್ವನಿ ಹೊರಡುವ ಜಾಲರಿ, ನಡುವೆ ಪುಟ್ಟ ಪರದೆ, ಅದರ ಪಕ್ಕ ಸಾಸಿವೆ ಕಾಳಿನಷ್ಟು ಹಸಿರು ದೀಪ. ಸ್ವಂತ ಕಥೆ ಹೇಳಿಕೊಳ್ಳಲು ನಾನು ತಕ್ಕವನೋ ಅಲ್ಲವೋ ತಿಳಿಯದು. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ತಿಳಿಯದ್ದನ್ನು ತಿಳಿಯದು ಎಂದೇ ಬಿಡುತ್ತೇನೆ.

ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಒಳಗಿನ ಹಲಗೆಗೆ ಬೆಸುಗೆ ಹಾಕಿದ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲ. ಅವಳ ಗೆಳತಿಯರು ಅವಳನ್ನು ಕರೆಯುತ್ತಿದ್ದಾಗ ನನಗಿನ್ನೂ ಕಿವಿ ಬಂದಿರಲಿಲ್ಲ. ಅವಳ ಕೈ ನಡುಗುತ್ತಿರಲಿಲ್ಲ ಎನ್ನುವುದಷ್ಟೇ ಗೊತ್ತು. ಇಂದಿಗೂ ನನ್ನ ಒಂದು ಬೆಸುಗೆಯೂ ಬಿಟ್ಟಿಲ್ಲ. ಅವಳು ಎಲ್ಲಿದ್ದರೂ ಚೆನ್ನಾಗಿರಲಿ.

ನನ್ನ ಗುಣವನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಳೆಯ ರೇಡಿಯೋಗೆ ಅಲೆ ಹೇಗೆ ಬಂದರೂ ನಡೆಯುತ್ತದೆ. ದುರ್ಬಲವಾಗಿ ಬಂದರೆ ಗೊರಗೊರ ಅನ್ನುತ್ತ, ಕರಕರ ಅನ್ನುತ್ತ, ಹೇಗೋ ನಾಲ್ಕು ಮಾತು ದಾಟಿಸುತ್ತದೆ. ನನಗೆ ಹಾಗಾಗದು. ನನಗಾಗಿ ಕಳಿಸುವಾಗ ಮಾತನ್ನು ಅಂಕಿಗಳಾಗಿ ಪುಡಿ ಮಾಡಿ ಕಳಿಸುತ್ತಾರೆ. ಆ ಪುಡಿಯನ್ನೆಲ್ಲ ಕೂಡಿಸಿ ಮತ್ತೆ ಮಾತು ಮಾಡುವುದು ನನ್ನ ಕೆಲಸ. ಪುಡಿ ಸಾಕಷ್ಟು ಸಿಕ್ಕರೆ ಹಸಿರು ದೀಪ ಹತ್ತುತ್ತದೆ, ಮಾತನಾಡುವವರು ಪಕ್ಕದಲ್ಲೇ ಕುಳಿತಂತೆ ಕೇಳಿಸುತ್ತದೆ. ಸ್ವಲ್ಪ ಕಡಿಮೆ ಬಿದ್ದರೂ ದೀಪ ಆರುತ್ತದೆ, ನಾನು ಪೂರ್ತಿ ಮೂಕನಾಗುತ್ತೇನೆ. ಅರೆಬರೆ ಮಾತನಾಡಲು ನನಗೆ ಬರುವುದಿಲ್ಲ.

ಮೊದಲು ನನ್ನನ್ನು ಒಂದು ಪ್ರದರ್ಶನದಲ್ಲಿ ಮೇಜಿನ ಮೇಲಿಟ್ಟರು. ಬಂದವರು ತಿರುಪು ತಿರುಗಿಸಿ, "ಸೌಂಡ್ ಸೂಪರ್ ಆಗಿದೆ ಸಾರ್, ಆದ್ರೆ ಈಗ ರೇಡಿಯೋ ಯಾರು ಕೇಳ್ತಾರೆ?" ಎನ್ನುತ್ತಿದ್ದರು. ಒಬ್ಬರು ನನ್ನ ಪರದೆಯನ್ನು ಬೆರಳಿನಿಂದ ಸವರಿ ಸವರಿ, ಏನೂ ಸರಿಯಲಿಲ್ಲವೆಂದು ಬೇಸರ ಮಾಡಿಕೊಂಡು ಹೋದರು. ಆಮೇಲೆ ಎರಡು ವರ್ಷ ರಟ್ಟಿನ ಪೆಟ್ಟಿಗೆಯ ಕತ್ತಲು. ಅಲ್ಲಿಂದ ಒಂದು ದಿನ ಲಾರಿ ಹತ್ತಿಸಿ ಉತ್ತರ ಕರ್ನಾಟಕದ ಒಂದು ಬಾನುಲಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಪೆಟ್ಟಿಗೆ ತೆರೆದು, ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡವನು ಗುರುಶಾಂತ ಹಡಪದ.

ಗುರುಶಾಂತನಿಗೆ ಆಗ ಮೂವತ್ತೊಂದು ವರ್ಷ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ದುಡಿಯುತ್ತ, ಸಂಜೆಯ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದವನು. ಕೇಂದ್ರದಲ್ಲಿ ವರ್ಷ ವರ್ಷ ಹೊಸದಾಗಿ ಬರೆದುಕೊಡುವ ಗುತ್ತಿಗೆಯ ಕೆಲಸ. ಯಾರೂ ಕೇಳುವ ಮೊದಲೇ "ನಂದು ಸಂಜೀ ಡಿಪ್ಲೊಮಾ ರಿ" ಎಂದು ತಾನೇ ಹೇಳಿಬಿಡುತ್ತಿದ್ದ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವ ಜೀವ. ನನ್ನ ಬ್ಯಾಟರಿ ಮುಚ್ಚಳವನ್ನೂ ಹಾಗೆಯೇ ಮೂರು ಸಲ ಒತ್ತಿ ನೋಡುತ್ತಿದ್ದ. ನನಗದು ಹಿತವಾಗಿತ್ತು. ನಾನೂ ಅದೇ ಜಾತಿಯವನು ತಾನೇ? ಪುಡಿ ಪೂರ್ತಿ ಕೂಡಿಬರುವವರೆಗೆ ಬಾಯಿ ತೆರೆಯದವನು.

ಅವನಿಗೆ ಒಪ್ಪಿಸಿದ ಕೆಲಸ ಇದು. ಗುಡ್ಡದ ಸುತ್ತಲಿನ ಅರವತ್ತಮೂರು ಊರುಗಳಿಗೆ ನನ್ನನ್ನು ಕರೆದೊಯ್ದು ಡಿಜಿಟಲ್ ಪ್ರಸಾರ ಕೇಳಿಸುತ್ತದೋ ಇಲ್ಲವೋ ನೋಡುವುದು. ನಮೂನೆಯಲ್ಲಿನ 'ಚೆನ್ನಾಗಿದೆ', 'ಸಾಧಾರಣ', 'ಇಲ್ಲ' ಎಂಬ ಮೂರು ಮನೆಗಳಲ್ಲಿ ಒಂದಕ್ಕೆ ಗುರುತು ಹಾಕುವುದು. ಐವತ್ತು ಊರುಗಳಲ್ಲಿ ಚೆನ್ನಾಗಿದ್ದರೆ ಆ ಭಾಗಕ್ಕೆ ಸಂಜೆಯ ಹಳೆಯ ಪ್ರಸಾರ ನಿಲ್ಲಿಸಿ, ಡಿಜಿಟಲ್ ಒಂದನ್ನೇ ಉಳಿಸುವುದೆಂದು ಮಾತಾಗಿತ್ತು. ಎಂದರೆ, ತಪ್ಪು ಗುರುತು ಬಿದ್ದ ಊರಿಗೆ ಮುಂದೆ ಸಂಜೆಯ ರೇಡಿಯೋನೇ ಇಲ್ಲ. ಗುರುಶಾಂತನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಂದೊಂದು ಊರಿನಲ್ಲೂ ಹತ್ತು ನಿಮಿಷ ಸಾಲದೆ ಇಪ್ಪತ್ತು ನಿಮಿಷ ಕೇಳುತ್ತಿದ್ದ.

ಜೀಪು ಓಡಿಸುತ್ತಿದ್ದ ಇಮಾಮಸಾಬನಿಗೆ ಅವನಿಗಿಂತ ಇಪ್ಪತ್ತು ವರ್ಷ ಹೆಚ್ಚು ವಯಸ್ಸು. ಕಾದು ಕಾದು ಒಂದು ದಿನ ಹೇಳಿದ:

"ಸಾಹೇಬ್ರ, ಕನ್ಯಾ ನೋಡಾಕ ಹೋದ್ರೂ ಮಂದಿ ಇಷ್ಟೊತ್ತು ನೋಡಂಗಿಲ್ರಿ. ಒಪ್ಪಿದ್ರ ಒಪ್ರಿ, ಇಲ್ಲಂದ್ರ ಮುಂದಿನ ಊರು."

"ಒಪ್ಪಿದ ಮ್ಯಾಲ ತಪ್ಪಾತಂದ್ರ, ಇಮಾಮಸಾಬಣ್ಣ?"

"ಲಗ್ನದಾಗೂ ಅದ ಆಗೂದ್ರಿ. ಏನ್ ಮಾಡಾಕ ಬರತೈತಿ?"

ನಲವತ್ತೊಂದನೆಯ ಊರು ಬೆಣಚಿಹಾಳ. ಗುಡ್ಡದ ಬುಡದಲ್ಲಿ ಜಲ್ಲಿ ಒಡೆಯುವ ಕ್ರಷರ್, ಅದರ ಕೂಲಿಯವರು ಉಣ್ಣುವ ಒಂದು ಖಾನಾವಳಿ, ಅದರ ಸುತ್ತ ಊರು. ನಾವು ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಖಾನಾವಳಿಯ ಮುಂದೆ ಜೀಪು ನಿಲ್ಲಿಸಿ, ಬಾನೆಟ್ ಮೇಲೆ ಬಟ್ಟೆ ಹಾಸಿ ನನ್ನನ್ನು ಕೂರಿಸಿದರು. ಗುಂಡಿ ಒತ್ತಿದ್ದೇ ತಡ, ದೀಪ ಹತ್ತಿತು. ಕಡಲೆ ಬೆಳೆಗೆ ಬರುವ ಹುಳದ ಬಗ್ಗೆ ಯಾರೋ ಮಾತನಾಡುತ್ತಿದ್ದರು. ನಾನು ಅಂದು ನುಡಿದಷ್ಟು ಸ್ಪಷ್ಟವಾಗಿ ಹಿಂದೆಂದೂ ನುಡಿದಿರಲಿಲ್ಲ. ಒಳಗಿನಿಂದ ಒಬ್ಬ ಹೆಂಗಸು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಯಾರ್ರಿ ಅದು, ನಮ್ಮ ಬಾಗಲಕ ನಿಂತು ಭಾಷಣಾ ಮಾಡಾಕತ್ತವ್ರು?"

ಮನುಷ್ಯರಿಲ್ಲ, ಪೆಟ್ಟಿಗೆ ಎಂದು ತಿಳಿದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳೇ ಬಾಳವ್ವ, ಖಾನಾವಳಿಯ ಒಡತಿ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇಂದು ಅದನ್ನು ನೆನೆದರೆ ನಾಚಿಕೆ. ಗುರುಶಾಂತ ಇಪ್ಪತ್ತು ನಿಮಿಷ ಕೇಳಿದ. ದೀಪ ಒಮ್ಮೆಯೂ ಅಲುಗಲಿಲ್ಲ. 'ಚೆನ್ನಾಗಿದೆ' ಮನೆಯಲ್ಲಿ ನೀಲಿ ಶಾಯಿಯ ಗುರುತು ಹಾಕಿ, ಬಾಳವ್ವ ಕೊಟ್ಟ ಮಜ್ಜಿಗೆ ಕುಡಿದು, ನನ್ನನ್ನು ಆರಿಸಲು ಕೈ ಚಾಚಿದ.

ಆಗ ನಡೆದದ್ದು ನನಗೊಬ್ಬನಿಗೇ ಗೊತ್ತು. ಮೇಲಿನ ತಂತಿ ಸಣ್ಣಗೆ ಗುಂಯ್‌ಗುಟ್ಟಿತು. ಖಾನಾವಳಿಯೊಳಗೆ ಫ್ಯಾನು ತಿರುಗತೊಡಗಿತು. ತಂತಿಯ ಗದ್ದಲದಲ್ಲಿ ಪುಡಿ ಚದುರಿ ನನ್ನ ದೀಪ ಆರಿತು, ಮಾತು ನಡುವೆಯೇ ತುಂಡಾಯಿತು. ಅದೇ ಕ್ಷಣಕ್ಕೆ ಗುರುಶಾಂತನ ಬೆರಳು ಗುಂಡಿಯ ಮೇಲೆ ಬಿತ್ತು. ಮಾತು ನಿಂತದ್ದು ತನ್ನ ಬೆರಳಿನಿಂದ ಎಂದುಕೊಂಡ ಅವನು ನನ್ನನ್ನು ಬಟ್ಟೆಯಲ್ಲಿ ಸುತ್ತಿದ. ಅವನದೇನು ತಪ್ಪು? ನಾನು ನಡೆಯುವುದು ಬ್ಯಾಟರಿಯಿಂದ. ಊರಿನಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ನೋಡುವ ಪ್ರಮೇಯವೇ ಅವನಿಗೆ ಬಂದಿರಲಿಲ್ಲ. ದಿನಾ ಎರಡರಿಂದ ನಾಲ್ಕರವರೆಗೆ ಕರೆಂಟು ತೆಗೆಯುವ ಊರು ಅದು. ಅಂದು ಒಂದು ತಾಸು ಮೊದಲೇ ಬಂದುಬಿಟ್ಟಿತ್ತು. ಬಟ್ಟೆಯೊಳಗೆ ಕುಳಿತು ನಾನು ದಾರಿಯುದ್ದಕ್ಕೂ ಒದ್ದಾಡಿದೆ. ಪ್ರಸಾರವಿಲ್ಲದೆ ನನಗೆ ಸ್ವಂತ ಮಾತಿಲ್ಲ.

ಅರವತ್ತಮೂರು ಊರು ಮುಗಿದಾಗ ಐವತ್ತೆರಡಕ್ಕೆ 'ಚೆನ್ನಾಗಿದೆ' ಬಿದ್ದಿತ್ತು. ಕೊನೆಯ ತೀರ್ಮಾನಕ್ಕೆ ಮೊದಲು ಕೆಲವು ಊರುಗಳಲ್ಲಿ ಕೇಳುಗರ ಕೈಗೇ ಡಿಜಿಟಲ್ ರೇಡಿಯೋ ಕೊಟ್ಟು ಒಂದು ತಿಂಗಳು ಅಭಿಪ್ರಾಯ ಕೇಳುವುದೆಂದಾಯಿತು. ಬೆಣಚಿಹಾಳದ ಪಾಲಿಗೆ ನಾನೇ ಬಂದೆ. ಬಾಳವ್ವ ನನ್ನನ್ನು ಒಲೆಯಿಂದ ದೂರ, ಗೋಡೆಯೊಳಗಿನ ಮಾಡದಲ್ಲಿ, ತನ್ನ ಹಳೆಯ ರೇಡಿಯೋದ ಪಕ್ಕದಲ್ಲಿ ಕೂರಿಸಿ, ಹಣೆಗೆ ಅರಿಶಿನ ಕುಂಕುಮ ಹಚ್ಚಿದಳು.

ಸಂಜೆ ಐದಕ್ಕೆ ಆರು ಜನ ಹೆಂಗಸರು ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯುವ ಹೊತ್ತು. ಬಾಳವ್ವ ಎಲ್ಲರನ್ನೂ ಸುಮ್ಮನಿರಿಸಿ ನನ್ನ ಗುಂಡಿ ಒತ್ತಿದಳು. ಕರೆಂಟಿತ್ತು. ನಾನು ಮೂಕ. ತಿರುಪು ತಿರುಗಿಸಿದಳು, ಮೈ ತಟ್ಟಿದಳು, ಕುಂಕುಮವನ್ನೂ ಒರೆಸಿ ನೋಡಿದಳು.

ರೊಟ್ಟಿ ಬಡಿಯುತ್ತಿದ್ದ ಯಲ್ಲವ್ವ ತಲೆ ಎತ್ತದೆ ಅಂದಳು: "ಸರಕಾರದ್ದಲ್ಲೇನಕ್ಕಾ? ಐದ ಗಂಟೆ ಆದ ಮ್ಯಾಲ ಕೆಲಸಾ ಮಾಡಂಗಿಲ್ಲ."

ಎಲ್ಲರೂ ನಕ್ಕರು. ಬಾಳವ್ವ ನಗಲಿಲ್ಲ. ಹಳೆಯ ರೇಡಿಯೋ ಹಚ್ಚಿ ತಾನೂ ರೊಟ್ಟಿಗೆ ಕುಳಿತಳು. ಅದು ಗೊರಗೊರ ಅನ್ನುತ್ತಲೇ ಊರಿನ ಸುದ್ದಿ, ಪೇಟೆಯ ಧಾರಣೆ, ಹಾಡು ಎಲ್ಲ ದಾಟಿಸಿತು. ಆ ಮುದುಕನ ಮೇಲೆ ನನಗೆ ಅಂದು ಹುಟ್ಟಿದ ಗೌರವ ಕಡಿಮೆಯಾಗಿಲ್ಲ.

ಮರುದಿನ ಎರಡು ಗಂಟೆಗೆ ಕರೆಂಟು ಹೋಯಿತು. ಬಾಳವ್ವ ಹೆದರುತ್ತ ನನ್ನ ಗುಂಡಿ ಒತ್ತಿದಳು. ನಾನು ಗಂಟೆ ಬಾರಿಸಿದಂತೆ ನುಡಿದೆ. ಪಕ್ಕದಲ್ಲಿ ಸೆಲ್ಲಿನ ಮೇಲೆ ನಡೆಯುವ ಹಳೆಯದೂ ನುಡಿಯುತ್ತಿತ್ತು. ಪುಡಿ ಕೂಡಿಸುವ ಕೆಲಸಕ್ಕೆ ನನಗೆ ಮೂರು ನಾಲ್ಕು ಸೆಕೆಂಡು ಬೇಕು, ಹಾಗಾಗಿ ಅದರ ಮಾತನ್ನೇ ನಾನು ಆಮೇಲೆ ಹೇಳಿದಂತೆ ಕೇಳಿಸುತ್ತದೆ.

"ನೋಡಬೇ," ಅಂದಳು ಯಲ್ಲವ್ವ. "ಅತ್ತಿ ಅಂದದ್ದನ್ನ ಸೊಸಿ ತಿರುಗಿ ಅಂದಂಗ."

ಹೀಗೆ ಒಂದು ತಿಂಗಳು. ಅಭಿಪ್ರಾಯ ಬರೆಯುವ ದಿನ ಬಂತು. ಬಾಳವ್ವ ಕೇಂದ್ರದವರು ಕೊಟ್ಟಿದ್ದ ಅಂಚೆ ಕಾರ್ಡು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಬರೆಯತೊಡಗಿದಳು.

"ಇದ್ದದ್ದ ಬರೀ ಅಕ್ಕಾ," ಅಂದಳು ಯಲ್ಲವ್ವ. "ಇದು ಮೂಗ ಐತಿ ಅಂತ."

"ಕೊಟ್ಟವ್ರಿಗೆ ಹೆಸರಿಡಬಾರದಬೇ. ಮದವ್ಯಾಗ ಮಂದಿ ಉಡಿಸಿದ ಸೀರಿ ಹ್ಯಾಂಗರ ಇರಲಿ, ಚಲೋ ಐತಿ ಅಂತೀವಿಲ್ಲ?"

"ಮತ್ತ ಸುಳ್ಳ ಬರೀತಿ?"

ಬಾಳವ್ವ ಪೆನ್ನು ಎತ್ತಿ ಯೋಚಿಸಿದಳು. ಆಮೇಲೆ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದಳು: 'ನೀವು ಕೊಟ್ಟ ರೇಡಿಯೋ ಚಲೋ ಐತಿ. ಕರೆಂಟು ಹೋದಾಗ ಬಾಳ ಚಲೋ ಕೇಳಸ್ತೈತಿ.'

ಆ ಕಾರ್ಡು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮುಂದಿನ ಭಾನುವಾರ ಹನ್ನೆರಡರ ಬಸ್ಸಿಗೆ ಗುರುಶಾಂತ ಬಂದಿಳಿದ. ಮಡಚಿ ಬಿಚ್ಚಿ ಕಾರ್ಡಿನ ಅಂಚು ಮೆತ್ತಗಾಗಿತ್ತು.

"ಅವ್ವಾರ, ಕರೆಂಟ್ ಹೋದಾಗ ಅಂತ ಯಾಕ ಬರದ್ರಿ?"

"ಹೋದಾಗ ಕೇಳಸ್ತೈತಿ, ಬರದೆ."

"ಇದ್ದಾಗ?"

ಬಾಳವ್ವ ಸೆರಗು ಸರಿಮಾಡಿಕೊಂಡಳು. "ನಾ ಏನರ ಒತ್ತಬಾರದ್ದ ಒತ್ತಿರಬೇಕ್ರಿ. ಸರಕಾರದ ವಸ್ತು, ನನ್ನ ಕೈಯಾಗ ಕೆಟ್ಟತಿ ಅನಸ್ತೈತಿ. ತಪ್ಪು ನಂದ ಇರತೈತಿ."

ಗುರುಶಾಂತ ಗುಂಡಿ ಒತ್ತಿದ. ನಾನು ಮೂಕ. ಖಾನಾವಳಿಯ ಮೇನ್ ಸ್ವಿಚ್ ಆರಿಸಿ ನೋಡಿದ. ಆಗಲೂ ಮೂಕ. ನನ್ನನ್ನು ಎತ್ತಿಕೊಂಡು ಹೊರಗೆ ಬಂದು, ಕ್ರಷರಿಗೆ ಹೋಗುವ ತಂತಿಯನ್ನು ಕಂಬದಿಂದ ಕಂಬಕ್ಕೆ ನೋಡುತ್ತ ನಿಂತ. ಬಾಳವ್ವ ಊಟಕ್ಕೆ ಕರೆದರೆ "ಎರಡ ಗಂಟೆ ಆಗಲಿ ರಿ" ಅಂದ. ಬಡಿಸಿದ ರೊಟ್ಟಿ ತಟ್ಟೆಯಲ್ಲೇ ತಣ್ಣಗಾಯಿತು.

ಎರಡಕ್ಕೆ ಎರಡು ನಿಮಿಷ ಇರುವಾಗ ಫ್ಯಾನಿನ ರೆಕ್ಕೆ ನಿಧಾನವಾಯಿತು, ನಿಂತಿತು. ನನ್ನ ದೀಪ ಹತ್ತಿತು. ಒಬ್ಬ ಗಾಯಕಿ ಸಾಲಿನ ನಡುವಿನಿಂದಲೇ ಹಾಡತೊಡಗಿದಳು. ಅಷ್ಟು ಚೆಂದದ ಹಾಡನ್ನು ಕೇಳಿ ಒಬ್ಬ ಮನುಷ್ಯನ ಮುಖ ಅಷ್ಟು ಬಿಳುಚಿದ್ದನ್ನು ನಾನು ಮತ್ತೆ ಕಂಡಿಲ್ಲ.

"ಅವತ್ತೂ ನಾ ಇಷ್ಟೊತ್ತಿನಾಗ ಬಂದಿದ್ದೆ," ಅಂದ. "ಕರೆಂಟ್ ಇರಲಿಲ್ಲ."

"ಕರೆಂಟ್ ಹೋದ್ರ ರೇಡಿಯೋ ಚಲೋ ಕೇಳಸೂದು ಸಣ್ಣ ಮಕ್ಕಳಿಗೂ ಗೊತ್ತಲ್ಲೋ ತಮ್ಮಾ," ಅಂದಳು ಬಾಳವ್ವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಗುರುಶಾಂತ ಜಗಲಿಯ ಮೇಲೆ ಕುಳಿತುಬಿಟ್ಟ. ನಾಳೆಯೇ ಸಭೆ. ವರದಿ ಆಗಲೇ ಮೇಲಕ್ಕೆ ಹೋಗಿದೆ. ಅದು ಒಪ್ಪಿಗೆಯಾದರೆ ಈ ಊರಿನ ಸಂಜೆಯ ರೇಡಿಯೋ ನಿಲ್ಲುತ್ತದೆ. ತಪ್ಪೆಂದು ಹೇಳಿದರೆ ಮುಂದಿನ ತಿಂಗಳು ತನ್ನ ಗುತ್ತಿಗೆಯನ್ನು ಮತ್ತೆ ಬರೆದುಕೊಡುತ್ತಾರೋ ಇಲ್ಲವೋ. ಇದನ್ನೆಲ್ಲ ಅವನು ಬಾಳವ್ವನಿಗೆ ಬಿಡಿಸಿ ಹೇಳಿದ. ಕೊನೆಗೆ, "ಸಂಜೀ ಸಾಲಿ ಕಲತಾಂವ, ಇಷ್ಟೂ ತಿಳೀಲಿಲ್ಲ ಅಂತಾರ್ರಿ," ಅಂದ.

"ಸಂಜೀ ಸಾಲಿ ಅಂದ್ರ ಕಡಿಮೀ ಸಾಲಿ ಏನು?" ಬಾಳವ್ವನ ದನಿ ಏರಿತು. "ನಾನೂ ಸಂಜೀಕ ಕಲತಾಕಿ. ಈ ಹಳೇ ರೇಡಿಯೋದಾಗ ಅಕ್ಷರ ಹೇಳಿಕೊಡತಿದ್ರು. ಪಂಚಾಯ್ತ್ಯಾವ್ರು ಪುಸ್ತಕಾ ಕೊಟ್ಟಿದ್ರು, ಅದನ್ನ ಡಬ್ಬಿಗೆ ಆನಸಿ ಇಟಗೊಂಡು, ಪರಾತದಾಗಿನ ಹಿಟ್ಟಿನ ಮ್ಯಾಲ ಬೆರಳಲೇ ಬರೀತಿದ್ದೆ. ತಪ್ಪ ಬಿದ್ರ ಅಂಗೈ ಆಡಿಸಿ ಅಳಸ್ತಿದ್ದೆ. ಹಿಟ್ಟೇನು ಕೆಟ್ಟಿತ? ಅದರಾಗ ರೊಟ್ಟಿ ಮಾಡಿದೆ, ಮಂದಿ ಉಂಡ್ರು. ಏಳು, ಈಗ ನೀನೂ ಉಣ್ಣು."

ಅವನು ಉಂಡ. ಆಮೇಲೆ ಕೇಳಿದ: "ನಾಳಿ ಒಂದಿನ ಇದನ್ನ ಒಯ್ಯಲೇನ್ರಿ?"

ಸಭೆಯಲ್ಲಿ ನಾನು ಮೇಜಿನ ತುದಿಯಲ್ಲಿದ್ದೆ. ತೀರ್ಮಾನ ಮಾಡುವವರು ಸುಲಭಾ ಮೇಡಂ, ಕೇಂದ್ರದ ಎಂಜಿನಿಯರು. ಗುರುಶಾಂತ ಎದ್ದು ನಿಂತ. ಅವನ ಕೈ ನನ್ನ ಬೆನ್ನಿನ ಮೇಲಿತ್ತು, ಬೆವರು ನನಗೆ ತಾಗುತ್ತಿತ್ತು. ಬೆಣಚಿಹಾಳದ ಗುರುತು ತಪ್ಪು, ಅಂದು ಕರೆಂಟು ಇರಲಿಲ್ಲ ಎಂದು ಹೇಳಿದ.

ಮೇಡಂ ಕಾಗದ ನೋಡಿದರು. "ಆತಲ್ಲ ಗುರುಶಾಂತ, ಒಂದು ತಗದ್ರೂ ಐವತ್ತೊಂದು ಉಳೀತಾವ. ಐವತ್ತು ದಾಟ್ತದ. ಕೂಡ್ರಿ."

ಕುಳಿತುಬಿಟ್ಟಿದ್ದರೆ ಅವನ ಕೆಲಸವೂ ಉಳಿಯುತ್ತಿತ್ತು, ತಪ್ಪು ಒಪ್ಪಿಕೊಂಡ ಹೆಸರೂ ಬರುತ್ತಿತ್ತು. ಆದರೆ ಅವನು ಕೂಡಲಿಲ್ಲ.

"ಇಲ್ರಿ ಮೇಡಂ. ಕರೆಂಟ್ ಐತೋ ಇಲ್ಲೋ ಅಂತ ನಾ ಎಲ್ಲೂ ನೋಡಿಲ್ರಿ. ಯಾ ಊರಾಗೂ. ಐವತ್ತೆರಡರಾಗ ಖರೇ ಎಷ್ಟು, ನನಗ ಗೊತ್ತಿಲ್ರಿ."

ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಖಾಲಿ ನಮೂನೆಯೊಂದನ್ನು ಎತ್ತಿಕೊಂಡು ಮೇಲಿನಿಂದ ಕೆಳಗೆ ಓದಿದರು.

"ಇದರಾಗ ಹವಾ ಹೆಂಗಿತ್ತು ಅಂತ ಕೇಳೇವಿ, ಟೈಮ್ ಕೇಳೇವಿ. ಕರೆಂಟ್ ಕೇಳಿಲ್ಲ," ಅಂದರು. ನಮೂನೆಯನ್ನು ಕೆಳಗಿಟ್ಟು, "ಈ ಫಾರ್ಮ್ ಮಾಡಿದಾಕಿ ನಾನು," ಅಂದರು. "ಅರವತ್ತಮೂರೂ ಮತ್ತೊಮ್ಮೆ ನೋಡ್ರಿ."

ಮತ್ತೊಮ್ಮೆ ಹೊರಟೆವು. ನಮೂನೆಯಲ್ಲಿ 'ಊರಿನಲ್ಲಿ ವಿದ್ಯುತ್ ಇತ್ತೇ?' ಎಂಬ ಹೊಸ ಮನೆ ಬಂದಿತ್ತು. ಇಮಾಮಸಾಬ "ಮುಗದ ಲಗ್ನದ ಕನ್ಯಾನ ಮತ್ತ ನೋಡಾಕ ಹೊಂಟ್ರಲ್ಲರಿ" ಎಂದು ಗೊಣಗಿದರೂ, ಪ್ರತಿ ಊರಿನಲ್ಲಿ ತಾನೇ ಇಳಿದು ಯಾವುದಾದರೂ ಅಂಗಡಿಯ ದೀಪ ಉರಿಯುತ್ತಿದೆಯೇ ನೋಡಿ ಬರುತ್ತಿದ್ದ. ಲೆಕ್ಕ ಮೂವತ್ತೇಳಕ್ಕೆ ಇಳಿಯಿತು. ಹಳೆಯ ಪ್ರಸಾರ ನಿಲ್ಲಲಿಲ್ಲ. ಗುರುಶಾಂತನ ಗುತ್ತಿಗೆಯ ಕಾಗದ ಆ ವರ್ಷ ಎರಡು ತಿಂಗಳು ತಡವಾಗಿ ಬಂತಂತೆ. ಆ ಎರಡು ತಿಂಗಳು ಅವನು ಹೇಗೆ ಕಳೆದನೋ, ನಾನು ನೋಡಲಿಲ್ಲ. ಅಷ್ಟರಲ್ಲಿ ನನ್ನನ್ನು ಬೆಣಚಿಹಾಳಕ್ಕೇ ಮರಳಿಸಿ, ಅಲ್ಲೇ ಉಳಿಸಿಬಿಟ್ಟಿದ್ದರು.

ಅಲ್ಲಿಂದ ಆರು ವರ್ಷ ನಾನು ಮಾಡದಲ್ಲಿ ಮುದುಕನ ಪಕ್ಕದಲ್ಲೇ ಇದ್ದೆ. ಕರೆಂಟಿದ್ದಾಗ ಅವನು, ಹೋದಾಗ ನಾನು. ಈ ಏರ್ಪಾಡು ಬಾಳವ್ವನದು. ಗುರುಶಾಂತ ಕ್ರಷರಿನ ತಂತಿಯನ್ನು ಕಂಬಕ್ಕೆ ಹಿಡಿದಿಡುವ ಪಿಂಗಾಣಿ ಬಟ್ಟಲೊಂದು ಸೀಳಿ, ಅಲ್ಲಿ ಕರೆಂಟು ಕಿಡಿಗುಟ್ಟುವುದೇ ನನ್ನ ಬಾಯಿ ಕಟ್ಟುತ್ತಿದೆ ಎಂದು ಪತ್ತೆ ಹಚ್ಚಿ, ಬದಲಿಸಿ ಎಂದು ಅರ್ಜಿ ಬರೆಯುತ್ತಲೇ ಇದ್ದ. ಈ ನಡುವೆ ಹೊರಗಿನ ಲೋಕ ಬದಲಾಯಿತು. ಜಲ್ಲಿ ಒಯ್ಯಲು ಬರುವ ಗುತ್ತಿಗೆದಾರರ ಹೊಸ ಕಾರುಗಳಲ್ಲಿ ನನ್ನ ಕುಲದವರು ಬೆರಳುಗುರಿನಷ್ಟು ಚಿಪ್ಪಾಗಿ ಬರತೊಡಗಿದರು. ನನ್ನ ಪರದೆಯ ಅರ್ಧ ಗೆರೆಗಳು ಅಳಿಸಿಹೋದವು. ಬ್ಯಾಟರಿ ಎರಡು ಸಲ ಬದಲಾಯಿತು.

ಹೋದ ವರ್ಷ ಶ್ರಾವಣದಲ್ಲಿ ಕೊನೆಗೂ ಕಂಬ ಹತ್ತಿದವರು ಬಟ್ಟಲು ಬದಲಿಸಿ ಇಳಿದರು. ಆ ಸಂಜೆ ಐದಕ್ಕೆ ಬಾಳವ್ವ ಅಭ್ಯಾಸದಂತೆ ಹಳೆಯದಕ್ಕೆ ಕೈ ಹಾಕಿದವಳು, ಏನೆನ್ನಿಸಿತೋ, ನನ್ನ ಗುಂಡಿ ಒತ್ತಿದಳು. ನಾನು ನುಡಿದೆ. ಆರು ಜೋಡಿ ಕೈಗಳ ರೊಟ್ಟಿ ಬಡಿತ ಒಮ್ಮೆಲೇ ನಿಂತಿತು. ಬಾಳವ್ವ ಗುರುಶಾಂತನಿಗೆ ಫೋನು ಮಾಡಿ, ಒಂದು ಮಾತೂ ಆಡದೆ ಅದನ್ನು ನನ್ನ ಜಾಲರಿಗೆ ಹಿಡಿದಳು. ಆ ಕಡೆಯಿಂದ ಅವನ ಸಣ್ಣ ದನಿ ಬಂತು.

"ಅವ್ವಾರ, ಕರೆಂಟ್ ಐತೇನ್ರಿ?"

"ಐತೋ ತಮ್ಮಾ! ಫ್ಯಾನ್ ತಿರಗಾಕತ್ತೈತಿ!"

ಅಷ್ಟಕ್ಕೆ ನಂಬುವವನೇ ಅವನು? ಶನಿವಾರದ ಬಸ್ಸಿಗೆ ತಾನೇ ಬಂದ. ಫ್ಯಾನು ಹಚ್ಚಿಸಿದ, ದೀಪ ಹಚ್ಚಿಸಿದ, ಯಲ್ಲವ್ವನಿಂದ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ತಿರುವಿಸಿದ. ಕ್ರಷರು ಪೂರ್ತಿ ಓಡುವ ಹೊತ್ತಿನಲ್ಲಿ ಅರ್ಧ ತಾಸು ನನ್ನ ಮುಂದೆ ಕುಳಿತು ಕೇಳಿದ. ಅವನ ಕಿವಿಯ ಹತ್ತಿರ ಕೂದಲು ನರೆತಿತ್ತು. ಚೀಲದಿಂದ ನಮೂನೆ ತೆಗೆದು, ಬೆಣಚಿಹಾಳದ ಸಾಲಿನಲ್ಲಿ ಒಂದು ಗುರುತು ಹಾಕಿದ.

"ಮತ್ತೊಮ್ಮೆ ನೋಡ್ತೀಯೇನು?" ಬಾಳವ್ವ ಕೇಳಿದಳು. ಕೇಳಿದ್ದು ಚೇಷ್ಟೆಗೆ.

"ಸಾಕ್ರಿ ಅವ್ವಾರ," ಅಂದ ಗುರುಶಾಂತ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ.

ಅವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಈಗ ನನಗೆ ವಯಸ್ಸಾಗಿದೆ. ತಿರುಪು ಸಡಿಲ, ಜಾಲರಿಯ ತೂತುಗಳಲ್ಲಿ ಜೋಳದ ಹಿಟ್ಟು ತುಂಬಿದೆ. ನನಗಿಂತ ಚುರುಕಾದವರು ಬಂದಿದ್ದಾರೆ, ಇನ್ನೂ ಬರುತ್ತಾರೆ. ಅವರಿಗೆ ದಾರಿ ಮಾಡಿದವನು ನಾನೆಂದು ಹೇಳಿಕೊಳ್ಳಲಾರೆ. ಎಲ್ಲೆಲ್ಲಿ ನನಗೆ ಮಾತು ಹೊರಡಲಿಲ್ಲ ಎನ್ನುವುದನ್ನು ಒಬ್ಬ ಮನುಷ್ಯ ಹೆದರುತ್ತಲೇ ಎದ್ದು ನಿಂತು ಹೇಳಿದ. ನಾನು ಅವನ ಕೈಯ ಕೆಳಗಿದ್ದೆ, ಅಷ್ಟೇ. ನನ್ನ ಮೌನವನ್ನು ಕೊರತೆಯೆಂದು ಎತ್ತಿ ಆಡದೆ, ಇದ್ದಷ್ಟನ್ನೇ ಚಲೋ ಎಂದು ಬರೆದ ಬಾಳವ್ವನ ಮನೆಯಲ್ಲಿ ನನಗೊಂದು ಜಾಗ ಸಿಕ್ಕಿತು. ಐದು ಗಂಟೆಯಾಗುತ್ತಿದೆ. ಒಲೆ ಹೊತ್ತಿಸುವ ಸದ್ದು ಕೇಳಿಸುತ್ತಿದೆ. ಬಾಳವ್ವ ಕೈ ಒರೆಸಿಕೊಳ್ಳುತ್ತ ಮಾಡದ ಕಡೆಗೆ ಬರುತ್ತಿದ್ದಾಳೆ. ಇಬ್ಬರಲ್ಲಿ ಯಾರನ್ನು ಹಚ್ಚಿದರೂ ನನಗೆ ಸಂತೋಷವೇ.